ಅಂಕಿಯಿಂದ ಅಕ್ಷರಕ್ಕೆ: ಮೊತ್ತವನ್ನು ಪದಗಳಲ್ಲಿ ಬರೆಯುವ ಪದ್ಧತಿಯ ಚರಿತ್ರೆ

ಮೊತ್ತವನ್ನು ಅಂಕಿಯಲ್ಲಿ ಬರೆದು, ಅದನ್ನೇ ಮತ್ತೆ ಅಕ್ಷರದಲ್ಲಿ ಬರೆದು, ಕೊನೆಗೆ ‘ಮಾತ್ರ’ ಎಂದು ಮುಗಿಸುವುದು ಲೆಕ್ಕಪತ್ರದ ಹಳೆಯ ಪದ್ಧತಿ. ಚೆಕ್ಕು, ರಸೀದಿ, ಕ್ರಯಪತ್ರ, ಬಿಲ್ಲು ಎಲ್ಲದರಲ್ಲೂ ಇದಕ್ಕೆ ಒಂದು ಸಾಲು ಮೀಸಲು. ಅಂಕಿ ಕೊಟ್ಟರೆ ಇಂಗ್ಲಿಷ್ ಪದಗಳ ಸಾಲನ್ನು ಹೊರಡಿಸುವ ಪ್ರೋಗ್ರಾಂ ಇಂದು ಕಂಪ್ಯೂಟರ್ ಕಲಿಯುವವರಿಗೆ ಕೊಡುವ ಮಾಮೂಲಿ ಅಭ್ಯಾಸ. ಪ್ರೋಗ್ರಾಂ 20ನೆಯ ಶತಮಾನದ್ದು. ಪದ್ಧತಿ ಬಹಳ ಹಿಂದಿನದು, ಮತ್ತು ಅದರ ತುಂಬ ಹಳೆಯ ದಾಖಲೆಯೊಂದು ಮಹಾರಾಷ್ಟ್ರದ ನಾಸಿಕ್‌ನಲ್ಲಿ ಕಲ್ಲಿನ ಮೇಲೆ ಉಳಿದಿದೆ.

ನಾಸಿಕ್ ಊರಾಚೆಯ ತ್ರಿರಶ್ಮಿ ಬೆಟ್ಟದಲ್ಲಿ ಬೌದ್ಧರ ಗುಹೆಗಳಿವೆ. ಜನ ಅವನ್ನು ಪಾಂಡವಲೇಣಿ ಎಂದು ಕರೆಯುತ್ತಾರೆ. ಅಲ್ಲಿನ 10ನೆಯ ಗುಹೆಯನ್ನು ಕೊರೆಸಿದವನು ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತ. ಗುಹೆಯೊಳಗಿನ ಶಾಸನವೊಂದು 42ನೆಯ ವರ್ಷದ್ದು. ಅದು ಯಾವ ಶಕೆಯ ವರ್ಷ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಸ್ಥೂಲವಾಗಿ ಕ್ರಿ.ಶ. 1–2ನೆಯ ಶತಮಾನ ಎನ್ನಬಹುದು. ವಿದ್ವಾಂಸ ಎಮಿಲ್ ಸೆನಾರ್ ಇದನ್ನು ಎಪಿಗ್ರಾಫಿಯಾ ಇಂಡಿಕಾ ಎಂಬ ಶಾಸನಸಂಕಲನದ 8ನೆಯ ಸಂಪುಟದಲ್ಲಿ ಪ್ರಕಟಿಸಿದ. ಓದಿದರೆ ದಾನಶಾಸನಕ್ಕಿಂತ ಬ್ಯಾಂಕಿನ ಠೇವಣಿ ಪತ್ರದ ಹಾಗಿದೆ. ಗುಹೆಯಲ್ಲಿ ಮಳೆಗಾಲ ಕಳೆಯುವ ಭಿಕ್ಷುಗಳ ಖರ್ಚಿಗೆ ಉಷವದಾತ 3000 ಕಹಾಪಣ ನಾಣ್ಯಗಳನ್ನು, ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸಬೇಕಾದ ನಿಧಿಯಾಗಿ ಇಟ್ಟ. ಗೋವರ್ಧನ ಎಂಬ ಊರಿನ ನೇಕಾರರ ಒಂದು ಶ್ರೇಣಿಗೆ, ಅಂದರೆ ಕಸುಬುದಾರರ ಸಂಘಕ್ಕೆ, 2000, ಅದಕ್ಕೆ ನೂರಕ್ಕೆ ಒಂದರಂತೆ ಬಡ್ಡಿ. ಇನ್ನೊಂದು ಶ್ರೇಣಿಗೆ 1000, ಅದಕ್ಕೆ ನೂರಕ್ಕೆ ಮುಕ್ಕಾಲು. ಮೊದಲ ಬಡ್ಡಿಯಿಂದ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡರಂತೆ ಬಟ್ಟೆಯ ಹಣ ಸಲ್ಲಬೇಕು. ಇಪ್ಪತ್ತು ಹನ್ನೆರಡಲೆ ಇನ್ನೂರ ನಲವತ್ತು. 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಹನ್ನೆರಡು ತಿಂಗಳ ಬಡ್ಡಿಯೂ ಅಷ್ಟೇ. ಶಾಸನ ಬರೆಸಿದವನಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು.

ನಮ್ಮ ವಿಷಯಕ್ಕೆ ಬೇಕಾದದ್ದು ಮೊತ್ತ ಬರೆದಿರುವ ರೀತಿ. ಮೂರು ಸಾವಿರ ಎಂದು ಪ್ರಾಕೃತ ಪದಗಳಲ್ಲಿ ಕೆತ್ತಿ, ಪಕ್ಕದಲ್ಲೇ 3000ದ ಚಿಹ್ನೆ ಹಾಕಲಾಗಿದೆ. ಚಿಖಲಪದ್ರವೆಂಬ ಹಳ್ಳಿಯಲ್ಲಿ ದಾನ ಕೊಟ್ಟ ತೆಂಗಿನ ಮರಗಳು ಎಂಟು ಸಾವಿರ, ಮುಂದೆ 8000. ದೇವರಿಗೂ ಬ್ರಾಹ್ಮಣರಿಗೂ ಕೊಟ್ಟದ್ದು ಎಪ್ಪತ್ತು ಸಾವಿರ ಕಹಾಪಣ, ಮುಂದೆ 70000. ಆ ಕಾಲದ ಅಂಕಿಗಳಲ್ಲಿ ಸೊನ್ನೆಯೂ ಇಲ್ಲ, ಸ್ಥಾನಬೆಲೆಯೂ ಇಲ್ಲ. ಸಾವಿರಕ್ಕೊಂದು ಗುರುತು, ಅದಕ್ಕೆ ಮೂರರ ಗುರುತು ಅಂಟಿಸಿದರೆ 3000, ಎಪ್ಪತ್ತರ ಗುರುತು ಅಂಟಿಸಿದರೆ 70000. ಉಳಿಯ ಒಂದು ಗೀರು ಹೆಚ್ಚೋ ಕಡಿಮೆಯೋ ಆದರೆ ಮೊತ್ತವೇ ಬದಲಾಗುವ ಈ ಬರಹಕ್ಕೆ ಪದಗಳ ಕಾವಲು ಬೇಕಿತ್ತು. ಅದೂ ಸಾಲದೆಂದು, ಇದನ್ನೆಲ್ಲ ಊರಿನ ನಿಗಮಸಭೆಯಲ್ಲಿ ಓದಿಸಿ ಹಲಗೆಯ ಮೇಲೆ ನೋಂದಾಯಿಸಲಾಯಿತು ಎಂದು ಶಾಸನವೇ ಹೇಳುತ್ತದೆ. ಅಕ್ಷರ, ಅಂಕಿ, ಸಭೆಯ ಕಿವಿ, ಕಚೇರಿಯ ಹಲಗೆ ಹೀಗೆ ನಾಲ್ಕು ಸಾಕ್ಷಿ.

ಮುಂದೆ ಸ್ಥಾನಬೆಲೆ ಬಳಕೆಗೆ ಬಂದ ಮೇಲೂ ಈ ರೂಢಿ ತಪ್ಪಲಿಲ್ಲ. ಸಂಸ್ಕೃತ ತಾಮ್ರಪಟಗಳಲ್ಲಿ ವರ್ಷವನ್ನು ಪದಗಳಲ್ಲಿ ಹೇಳಿ, ‘ಅಂಕತೋಽಪಿ’ ಎಂದು ಸೇರಿಸಿ ಅಂಕಿಯನ್ನೂ ಕೊಡುವುದುಂಟು. ಪದಗಳ ಪಟ್ಟಿಯನ್ನು ಉದ್ದ ಮಾಡಿದವರು ಗಣಿತಜ್ಞರು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟ. 12ನೆಯ ಶತಮಾನದ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ಪರಾರ್ಧದವರೆಗೆ 18. ಭಾಸ್ಕರನ ಮೊಮ್ಮಗ ಚಾಂಗದೇವ ದೇವಗಿರಿಯ ಸೇವುಣ ದೊರೆ ಸಿಂಘಣನ ಜ್ಯೋತಿಷಿ. ತಾತನ ಗ್ರಂಥಗಳನ್ನು ಕಲಿಸಲೆಂದೇ ಅವನು ಇಂದಿನ ಚಾಳೀಸ್‌ಗಾಂವ್ ಬಳಿಯ ಪಾಟಣದಲ್ಲಿ ಸ್ಥಾಪಿಸಿದ ಮಠಕ್ಕೆ 1207ರಲ್ಲಿ ದತ್ತಿ ದೊರೆಯಿತು. ಆ ದೇವಗಿರಿಯೇ ಇಂದು ಛತ್ರಪತಿ ಸಂಭಾಜಿನಗರದ ಪಕ್ಕದ ದೌಲತಾಬಾದ್ ಕೋಟೆ.

ವ್ಯಾಪಾರಿಗಳ ಹುಂಡಿಯಲ್ಲಿ, ಅಂದರೆ ಇಂಥವರಿಗೆ ಇಷ್ಟು ಹಣ ಕೊಡಿ ಎಂದು ಬರೆದುಕೊಡುವ ಪತ್ರದಲ್ಲಿ, ಇದಕ್ಕಿಂತ ಜಾಣ ಉಪಾಯವಿತ್ತು. ಮೊತ್ತ ಹೇಳಿ, ಅದರ ಅರ್ಧ ಇಷ್ಟು ಎಂದು ಹೇಳಿ, ಆ ಅರ್ಧದ ಎರಡರಷ್ಟು ಕೊಡತಕ್ಕದ್ದು ಎಂದು ಬರೆಯುತ್ತಿದ್ದರು. ಐನೂರನ್ನು ಒಂಬೈನೂರು ಮಾಡಹೊರಟ ಕಳ್ಳ ಇನ್ನೂರೈವತ್ತನ್ನೂ ತಿದ್ದಬೇಕು. ಬರೆದದ್ದನ್ನೇ ಮತ್ತೆ ಬರೆಯುವುದಕ್ಕಿಂತ ಇದು ಗಟ್ಟಿ. ಎರಡನೆಯ ಸಾಕ್ಷಿ ಮೊದಲನೆಯದರ ನಕಲಲ್ಲ, ಬರೆಯುವವನು ಪ್ರತ್ಯೇಕವಾಗಿ ಲೆಕ್ಕ ಹಾಕಿ ಕೊಟ್ಟದ್ದು.

ಬ್ರಿಟಿಷರ ಕಾಲದಲ್ಲಿ ಈ ಜಾಗ್ರತೆಗೆ ಕಾನೂನಿನ ಬಲ ಬಂತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೆಯ ಕಲಮಿನ ಪ್ರಕಾರ, ಅಂಕಿಯೂ ಅಕ್ಷರವೂ ಬೇರೆ ಬೇರೆಯಾಗಿದ್ದರೆ ಅಕ್ಷರದಲ್ಲಿರುವುದೇ ಮೊತ್ತ. ಮರುವರ್ಷ ಇಂಗ್ಲೆಂಡಿನ ವಿನಿಮಯ ಪತ್ರಗಳ ಕಾಯ್ದೆಯೂ ಅದನ್ನೇ ಹೇಳಿತು. ಬ್ಯಾಂಕಿನ ಕೌಂಟರಿನಲ್ಲಿ ನಡೆಯುವುದು ಬೇರೆ. ಎರಡೂ ಹೊಂದದ ಚೆಕ್ಕನ್ನು ಗುಮಾಸ್ತರು ಸಾಮಾನ್ಯವಾಗಿ ಕಾರಣ ಬರೆದು ವಾಪಸು ಕಳಿಸುತ್ತಾರೆ. ಕಾಯ್ದೆ ದಾರಿ ತೋರಿಸಿದರೂ ಹೊಣೆ ಹೊರಲು ಯಾರಿಗೂ ಇಷ್ಟವಿಲ್ಲ.

ನೋಟಿನ ಮೇಲೆ ಅಕ್ಷರ ಬಂದದ್ದು ಮೋಸ ತಡೆಯುವುದಕ್ಕಿಂತ ಹೆಚ್ಚಾಗಿ ಓದುಗರಿಗಾಗಿ. ಇಂದಿನ ಛತ್ರಪತಿ ಸಂಭಾಜಿನಗರ, ಅಂದಿನ ಔರಂಗಾಬಾದ್, 1948ರವರೆಗೆ ನಿಜಾಮನ ಹೈದರಾಬಾದ್ ರಾಜ್ಯದಲ್ಲಿತ್ತು. 1918ರ ಕಾಯ್ದೆಯಂತೆ ಹೈದರಾಬಾದ್ ಸಂಸ್ಥಾನ ಹೊರಡಿಸಿದ ನೋಟುಗಳ ಮೇಲೆ ಉರ್ದು, ಇಂಗ್ಲಿಷ್ ಜೊತೆಗೆ ಮರಾಠಿ, ತೆಲುಗು, ಕನ್ನಡದಲ್ಲೂ ಬೆಲೆ ಇರುತ್ತಿತ್ತು. ಕಲಬುರಗಿ, ರಾಯಚೂರಿನವರಿಗಾಗಿ ಅಚ್ಚಾದ ಕನ್ನಡದ ಸಾಲು ಔರಂಗಾಬಾದಿನ ಸಂತೆಯಲ್ಲೂ ಕೈಯಿಂದ ಕೈಗೆ ಓಡಾಡಿತು. ಬ್ರಿಟಿಷ್ ಭಾರತದ ನೋಟುಗಳು ಇಂಗ್ಲೆಂಡಿನಲ್ಲಿ ಅಚ್ಚಾಗಿ ಬರುತ್ತಿದ್ದವು. 1928ರಲ್ಲಿ ನಾಸಿಕ್ ರೋಡಿನ ಕರೆನ್ಸಿ ನೋಟ್ ಪ್ರೆಸ್ ಆರಂಭವಾದ ಮೇಲೆ ಆ ಕೆಲಸ ಇಲ್ಲಿಗೆ ಬಂತು. ಇಂದಿನ ನೋಟಿನ ಹಿಂಬದಿಯ ಭಾಷಾಪಟ್ಟಿಯಲ್ಲಿ 15 ಭಾಷೆಗಳಿವೆ. ಕನ್ನಡ ಮೇಲಿನಿಂದ ನಾಲ್ಕನೆಯದು. ಉಷವದಾತನ ಗುಹೆ ಇರುವ ಊರಿನಲ್ಲೇ ಅಂಕಿಯ ಪಕ್ಕ ಅಕ್ಷರ ಹಾಕುವ ಕಾರ್ಖಾನೆ ನಿಂತದ್ದು ಕಾಕತಾಳೀಯ, ಆದರೂ ಹೇಳದೆ ಬಿಡುವಂತಿಲ್ಲ.

ಯಂತ್ರದ ಕಥೆ ಚಿಕ್ಕದು. ಚೆಕ್ಕಿನ ಕಾಗದದೊಳಕ್ಕೇ ಮೊತ್ತವನ್ನು ಒತ್ತುವ ಕೈಯಂತ್ರಗಳನ್ನು ಅಮೆರಿಕದ ರಾಚೆಸ್ಟರಿನಲ್ಲಿ 1899ರಲ್ಲಿ ಶುರುವಾದ ಟಾಡ್ ಕಂಪನಿ ಜನಪ್ರಿಯಗೊಳಿಸಿತು. ಸಂಖ್ಯಾಪದಗಳಿಗೂ ವ್ಯಾಕರಣ ಇದೆ, ಅದನ್ನು ನಿಯಮಗಳಾಗಿ ಬರೆಯಬಹುದು ಎಂದು ಭಾಷಾವಿಜ್ಞಾನಿಗಳು ತೋರಿಸಿದರು. ಈ ಬಗ್ಗೆ ಹ್ಯೂಗೊ ಬ್ರಾಂಟ್ ಕಾರ್ಸ್ಟಿಯಸ್ ಸಂಪಾದಿಸಿದ ಸಂಕಲನ 1968ರದು, ಜೇಮ್ಸ್ ಹರ್ಫರ್ಡ್‌ನ ಗ್ರಂಥ 1975ರದು. 1984ರಲ್ಲಿ ಗೈ ಸ್ಟೀಲ್ ವಿವರಿಸಿದ ಕಾಮನ್ ಲಿಸ್ಪ್ ಭಾಷೆಯಲ್ಲಿ ಸಂಖ್ಯೆಯನ್ನು ಇಂಗ್ಲಿಷ್ ಪದಗಳಲ್ಲಿ ಅಚ್ಚು ಮಾಡಲು ಎರಡಕ್ಷರದ ಸೂಚನೆಯೊಂದು ಸಾಕಿತ್ತು. ರೋಮನ್ ಅಂಕಿಗೂ ಅಂಥದೇ ಸೌಕರ್ಯ.

ಇಂಗ್ಲಿಷಿಗೆ ಬೇಕಾದ ಸಾಮಗ್ರಿ ಕಡಿಮೆ. ಸೊನ್ನೆಯಿಂದ ಹತ್ತೊಂಬತ್ತರವರೆಗೆ 20 ಪದ, ಇಪ್ಪತ್ತು ಮೂವತ್ತು ಎಂಬ ಹತ್ತುಗಳಿಗೆ 8, ಮೇಲೆ ಹಂಡ್ರೆಡ್, ಥೌಸಂಡ್, ಲ್ಯಾಕ್, ಕ್ರೋರ್. ಜೋಡಿಸುವ ‘ಅಂಡ್’ ಬಿಟ್ಟು ಒಟ್ಟು 32. 12,05,340 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಬಲದಿಂದ ಮೊದಲ ಮೂರು ಅಂಕಿ 340, ಆಮೇಲೆ ಎರಡೆರಡು: 05, 12. ಹನ್ನೆರಡಕ್ಕೆ ಟ್ವೆಲ್ವ್ ಲ್ಯಾಕ್, ಐದಕ್ಕೆ ಫೈವ್ ಥೌಸಂಡ್, ಉಳಿದದ್ದಕ್ಕೆ ಥ್ರೀ ಹಂಡ್ರೆಡ್ ಅಂಡ್ ಫಾರ್ಟಿ. ಪಶ್ಚಿಮದವರು ಮೂರು ಮೂರಾಗಿ ಕತ್ತರಿಸುವುದರಿಂದ ಅದೇ ಸಂಖ್ಯೆ ಅವರಿಗೆ ಒನ್ ಮಿಲಿಯನ್‌ನಿಂದ ಶುರುವಾಗುತ್ತದೆ. ಎಕ್ಸೆಲ್‌ನಲ್ಲಿ ಥಾಯ್ ಭಾಷೆಗೆ ಬಾತ್‌ಟೆಕ್ಸ್ಟ್ ಎಂಬ ಸಿದ್ಧ ಸೂತ್ರವಿದೆ, ಇಂಗ್ಲಿಷಿಗಿಲ್ಲ. ಮೈಕ್ರೋಸಾಫ್ಟ್ ಕೊಟ್ಟಿರುವ ಸ್ಪೆಲ್‌ನಂಬರ್ ಮ್ಯಾಕ್ರೊ ಡಾಲರ್, ಸೆಂಟ್‌ಗಳಲ್ಲಿದೆ. ಅದರಲ್ಲಿ ಡಾಲರಿನ ಜಾಗಕ್ಕೆ ರೂಪಾಯಿ ಹಾಕಿ, ಮಿಲಿಯನ್ನನ್ನು ಹಾಗೇ ಬಿಟ್ಟರೆ ಬಿಲ್ಲಿನಲ್ಲಿ ‘ಒನ್ ಮಿಲಿಯನ್ ರುಪೀಸ್’ ಎಂದು ಅಚ್ಚಾಗುತ್ತದೆ.

ಹೊಸಬರು ಎಡವುವ ಜಾಗಗಳು ಗೊತ್ತಿರುವವೇ. ನಡುವಿನ ಜೋಡಿ 00 ಬಂದಾಗ ‘ಝೀರೊ ಥೌಸಂಡ್’ ಎಂದು ಬರೆಯುವುದು ಒಂದು. ಫಾರ್ಟಿಯ ಸ್ಪೆಲ್ಲಿಂಗಿನಲ್ಲಿ ‘ಯು’ ತೂರಿಸುವುದು ಇನ್ನೊಂದು. ಕೈಬರಹದಲ್ಲಾದರೆ ಅದು ಒಂದು ಚೆಕ್ಕಿನ ತಪ್ಪು, ಪ್ರೋಗ್ರಾಮಿನ ಪದಪಟ್ಟಿಗೆ ಸೇರಿದರೆ ಕಂಪನಿಯ ಎಲ್ಲ ಬಿಲ್ಲುಗಳ ತಪ್ಪು. ಕೋಟಿಯ ಮೇಲೂ ಎರಡೆರಡಾಗಿ ಕತ್ತರಿಸಹೋದವರು ನೂರು ಕೋಟಿಗೆ ಪದ ಸಿಗದೆ ನಿಲ್ಲುತ್ತಾರೆ. ನಮ್ಮ ಬಜೆಟ್ಟು ‘ಲಕ್ಷ ಕೋಟಿ’ ಎನ್ನುವುದರಿಂದ ಕೋಟಿಯ ಎಡಗಡೆ ಇರುವ ಅಷ್ಟನ್ನೂ ಹೊಸ ಸಂಖ್ಯೆಯೆಂದು ಬಗೆದು ಅದೇ ವಿಧಾನಕ್ಕೆ ಮತ್ತೆ ಒಪ್ಪಿಸಬೇಕು. ಎಲ್ಲಕ್ಕಿಂತ ಕಣ್ತಪ್ಪಿಸುವುದು ಪೈಸೆ. ಕಂಪ್ಯೂಟರ್ 1.15ನ್ನು ದ್ವಿಮಾನದಲ್ಲಿ ಪೂರ್ತಿ ನಿಖರವಾಗಿ ಇಟ್ಟುಕೊಳ್ಳಲಾರದು. ನೂರರಿಂದ ಗುಣಿಸಿದರೆ 115ರ ಬದಲು 114.99999999999999 ಬರುತ್ತದೆ, ದಶಮಾಂಶ ಕತ್ತರಿಸಿದರೆ ಹದಿನೈದು ಪೈಸೆ ಹದಿನಾಲ್ಕಾಗುತ್ತದೆ. ಆದ್ದರಿಂದ ಅನುಭವಸ್ಥರು ಹಣವನ್ನು ಪೈಸೆಯ ಪೂರ್ಣಾಂಕದಲ್ಲೇ ಇಡುತ್ತಾರೆ.

ನಾಸಿಕ್, ಸಂಭಾಜಿನಗರದವರ ಮನೆಮಾತು ಮರಾಠಿಗೆ ಇದೇ ಪ್ರೋಗ್ರಾಂ ಬರೆಯಹೊರಟರೆ 32 ಪದ ಸಾಲುವುದಿಲ್ಲ. ಇಪ್ಪತ್ತೊಂದು ಏಕವೀಸ, ಐವತ್ತೊಂದು ಏಕ್ಕಾವನ್ನ, ಅರವತ್ತೊಂದು ಏಕಸಷ್ಟ. ನಲವತ್ತೊಂಬತ್ತಂತೂ ಐವತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದ ಏಕೋಣಪನ್ನಾಸ. ನೂರರವರೆಗೆ ಪೂರ್ತಿ ಪಟ್ಟಿಯನ್ನೇ ಕೊಡುವುದು ಸುಲಭ. ಮಕ್ಕಳಿಗೂ ಅದೇ ಕಷ್ಟವೆಂದು 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕ ಏಕವೀಸದ ಜೊತೆಗೆ ‘ವೀಸ ಏಕ’ ಎಂಬ ಓದನ್ನೂ ಕೊಟ್ಟಿತು. ವಿಧಾನಮಂಡಲದವರೆಗೆ ಗದ್ದಲವಾಯಿತು. ಗಣಿತ ಸಮಿತಿಯ ಮುಖ್ಯಸ್ಥೆ ಮಂಗಲಾ ನಾರಳೀಕರ್ ಅದನ್ನು ಸಮರ್ಥಿಸಿಕೊಂಡರು. ಹತ್ತು ಮೊದಲು, ಬಿಡಿ ಆಮೇಲೆ ಎನ್ನುವ ಕನ್ನಡದ ಮಗುವಿಗೆ ಈ ಜಗಳವೇ ಅರ್ಥವಾಗದು.

ಹಾಗೆಂದು ಕನ್ನಡ ಸಲೀಸಲ್ಲ. ಇಲ್ಲಿ ತೊಡಕು ಸಂಧಿ, ವಿಭಕ್ತಿಗಳದು. ಇಪ್ಪತ್ತು ಒಂದನ್ನು ಸೇರಿದಾಗ ಇಪ್ಪತ್ತೊಂದು. ಎರಡು, ಮೂರು ನೂರನ್ನು ಸೇರಿದಾಗ ಇನ್ನೂರು, ಮುನ್ನೂರು. ಐನೂರರ ಮುಂದೆ ಏನಾದರೂ ಇದ್ದರೆ ಐನೂರ ಒಂದು, ಇಲ್ಲದಿದ್ದರೆ ಐನೂರು. 5,00,500 ‘ಐದು ಲಕ್ಷದ ಐನೂರು’, ಆದರೆ 5,00,000 ‘ಐದು ಲಕ್ಷ’. ಅಂದರೆ ಪ್ರತಿ ಪದವೂ ತನ್ನ ಬಲಗಡೆ ಏನಿದೆಯೆಂದು ಇಣುಕಿ ನೋಡಿ ರೂಪ ಬದಲಿಸಬೇಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಂಖ್ಯೆಯನ್ನು ಪದವಾಗಿಸುವ ನಮ್‌ಟುವರ್ಡ್ಸ್ ಸಂಗ್ರಹದಲ್ಲಿ ಈಗ ಕನ್ನಡಕ್ಕೂ ಜಾಗವಿದೆ.

ಪ್ರೋಗ್ರಾಂ ಬಂದ ಮೇಲೆ ಅಕ್ಷರದ ಸಾಲಿನ ಕೆಲಸ ಅರ್ಧಕ್ಕಿಳಿದಿದೆ. ಅಚ್ಚಾದ ಮೇಲೆ ತಿದ್ದುವವನನ್ನು ಅದು ಈಗಲೂ ತಡೆಯುತ್ತದೆ. ಆದರೆ ಗುಮಾಸ್ತ 45,000ದ ಬದಲು 54,000 ಎಂದು ಒತ್ತಿದರೆ ಯಂತ್ರ ತುಸುವೂ ಅಳುಕದೆ ಐವತ್ತನಾಲ್ಕು ಸಾವಿರ ಎಂದೇ ಬರೆಯುತ್ತದೆ. ಕೈಯಲ್ಲಿ ಬರೆಯುವಾಗ ಮೊತ್ತವನ್ನು ಎರಡನೆಯ ಸಲ ಮನಸ್ಸಿನಲ್ಲಿ ಓದಿಕೊಳ್ಳಬೇಕಿತ್ತು, ತಪ್ಪು ಅಲ್ಲೇ ಸಿಕ್ಕಿಬೀಳುವ ಸಂಭವವಿತ್ತು. ಹುಂಡಿಯ ಅರ್ಧದ ಲೆಕ್ಕ ಕೊಡುತ್ತಿದ್ದ ಆ ಪ್ರತ್ಯೇಕ ಸಾಕ್ಷಿ ಒಂದೇ ಅಂಕಿಯಿಂದ ಎರಡೂ ಸಾಲು ಹುಟ್ಟಿಸುವ ಪ್ರೋಗ್ರಾಮಿನಿಂದ ಸಿಗದು.

ಅಂಥ ಸಾಕ್ಷಿ ಈಗ ಇನ್ನೊಂದು ಕಡೆಯಿಂದ ಬರುತ್ತಿದೆ. ಅಂಗಡಿಯ ಕಟ್ಟೆಯ ಮೇಲಿನ ಸೌಂಡ್‌ಬಾಕ್ಸ್ ಯುಪಿಐ ಹಣ ಬಂದಾಗ ಮೊತ್ತವನ್ನು ಕೂಗಿ ಹೇಳುತ್ತದೆ, ನಾಸಿಕ್‌ನಲ್ಲಿ ಮರಾಠಿಯಲ್ಲಿ, ಬೆಳಗಾವಿಯಲ್ಲಿ ಕನ್ನಡದಲ್ಲೂ. ಗಿರಾಕಿ ತೋರಿಸುವ ಮೊಬೈಲ್ ಪರದೆ ಖೋಟಾ ಇರಬಹುದು. ಪೆಟ್ಟಿಗೆಗೆ ಸುದ್ದಿ ಬರುವುದು ಆ ಪರದೆಯಿಂದಲ್ಲ, ಹಣ ಜಮಾ ಮಾಡಿಕೊಂಡ ಕಡೆಯಿಂದ. ಧ್ವನಿಯ ತುಣುಕುಗಳನ್ನು ಜೋಡಿಸಿ ಮಾತಾಡಿಸುವುದಾದರೆ ಮರಾಠಿಗೆ ನೂರರವರೆಗಿನ ಪ್ರತಿ ಸಂಖ್ಯೆಗೂ ಒಂದು ಧ್ವನಿಮುದ್ರಣ ಬೇಕು. ಕನ್ನಡಕ್ಕೆ ಅಷ್ಟು ಬೇಡವೆನಿಸಿದರೂ ‘ಇಪ್ಪತ್ತು’, ‘ಒಂದು’ ಎಂದು ಬಿಡಿಬಿಡಿಯಾಗಿ ಕೂಗಿದರೆ ಇಪ್ಪತ್ತೊಂದಲ್ಲ, ಎರಡು ಬೇರೆ ಪಾವತಿ ಬಂದಂತೆ ಕೇಳಿಸುತ್ತದೆ.