ಕಥಾಗ್ರಂಥಗಳಲ್ಲಿ ಅಪರಿಚಿತ ಪದ: ಕವಿ, ನಿಘಂಟುಕಾರ, ಲಿಪಿಕಾರ

ಹಳಗನ್ನಡದ ಕಥಾಗ್ರಂಥಗಳನ್ನು ಓದುವವರಿಗೆ ಮೊದಲು ಎದುರಾಗುವ ತೊಡಕು ಅಪರಿಚಿತ ಪದಗಳದು. ಇದು ಇಂದಿನ ಓದುಗರಿಗೆ ಮಾತ್ರ ಒದಗಿದ ತೊಡಕಲ್ಲ. ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗದಲ್ಲಿಯೇ ಇದರ ವಿವೇಚನೆಯಿದೆ. ಪೂರ್ವಕಾವ್ಯಗಳಲ್ಲಿ ಸೊಗಸಾಗಿದ್ದ ಪೞಗನ್ನಡದ ಮಾತುಗಳನ್ನು ದೇಶಕಾಲಗಳನ್ನರಿಯದೆ ಹೊಸ ಕಾವ್ಯಕ್ಕೆ ತಂದರೆ ಅವು ರುಚಿಸವೆಂಬುದು ಅದರ ಅಭಿಪ್ರಾಯ.

ಕಥೆಗಾರರು ಈ ತೊಡಕನ್ನು ಬಗೆಬಗೆಯಾಗಿ ಎದುರಿಸಿದ್ದಾರೆ. ವಡ್ಡಾರಾಧನೆಯ 19 ಕಥೆಗಳ ಆರಂಭದಲ್ಲಿ ಪ್ರಾಕೃತದ ಗಾಹೆಯಿದ್ದು, ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ ಬಳಿಕವೇ ಕಥೆ ಮುಂದುವರಿಯುತ್ತದೆ. ಇಲ್ಲಿ ಅಪರಿಚಿತವಾದುದನ್ನು ಕೈಬಿಟ್ಟಿಲ್ಲ, ವಿವರಣೆಯೊಡನೆ ಉಳಿಸಿಕೊಳ್ಳಲಾಗಿದೆ. 1112ರಲ್ಲಿ ಧರ್ಮಾಮೃತವನ್ನು ರಚಿಸಿದ ನಯಸೇನನ ನಿಲುವು ಬೇರೆ. ಕನ್ನಡದಲ್ಲಿ ಸಂಸ್ಕೃತವನ್ನು ಬೆರಸುವುದನ್ನು ಅವನು ತುಪ್ಪಕ್ಕೆ ಎಣ್ಣೆ ಬೆರಸಿದುದಕ್ಕೆ ಹೋಲಿಸಿದ್ದಾನೆ. ಆದರೆ ಸಂಸ್ಕೃತಪದಗಳು ಅವನ ಗ್ರಂಥದಿಂದ ದೂರವಾಗಿಲ್ಲ. ಆ ಸಂಕಲ್ಪವನ್ನು ಕಟ್ಟುನಿಟ್ಟಾಗಿ ನಡೆಸಿದವನು 13ನೆಯ ಶತಮಾನದ ಆಂಡಯ್ಯ. ಕಬ್ಬಿಗರ ಕಾವದಲ್ಲಿ ಅವನು ತತ್ಸಮಗಳನ್ನು ದೂರವಿರಿಸಿ ತದ್ಭವ ಮತ್ತು ದೇಶ್ಯ ಪದಗಳಿಂದಲೇ ಕಥೆಯನ್ನು ನಡೆಸಿದನು. ಆದರೆ ಅವನು ಆರಿಸಿದ ದೇಶ್ಯಪದಗಳಲ್ಲಿ ಹಲವು ಕಾಲಾಂತರದಲ್ಲಿ ಬಳಕೆ ತಪ್ಪಿದುದರಿಂದ, ಇಂದು ಆ ಕೃತಿಯನ್ನೇ ಅರ್ಥಕೋಶದ ನೆರವಿನಿಂದ ಓದಬೇಕಾಗಿದೆ. ಪರಿಚಿತತೆ ಪದದ ಸ್ಥಿರಗುಣವಲ್ಲ, ಅದು ಕಾಲಾಧೀನ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಮಾತನ್ನು ನಿಘಂಟುಗಳ ಇತಿಹಾಸವೂ ಸಮರ್ಥಿಸುತ್ತದೆ. ಇಮ್ಮಡಿ ನಾಗವರ್ಮನ ಅಭಿಧಾನವಸ್ತುಕೋಶವು ಸಂಸ್ಕೃತಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುತ್ತದೆ. 16ನೆಯ ಶತಮಾನದ ಕಬ್ಬಿಗರ ಕೈಪಿಡಿಯಾದರೋ ಕನ್ನಡದ ಹಳೆಯ ಪದಗಳಿಗೇ ಕನ್ನಡದಲ್ಲಿ ಅರ್ಥ ಹೇಳುತ್ತದೆ. ಒಂದು ಕಾಲಕ್ಕೆ ವಿವರಣೆ ನೀಡುತ್ತಿದ್ದ ಭಾಷೆಗೇ ಮತ್ತೊಂದು ಕಾಲಕ್ಕೆ ವಿವರಣೆ ಬೇಕಾಯಿತು. ಇವೆರಡರ ನಡುವಣ ಘಟ್ಟದಲ್ಲಿ, ಸುಮಾರು 1260ರಲ್ಲಿ, ಕೇಶಿರಾಜನು ಶಬ್ದಮಣಿದರ್ಪಣದ ಪ್ರಯೋಗಸಾರದಲ್ಲಿ ಹಳೆಯ ಪದಗಳಿಗೆ ಅರ್ಥ ನೀಡಿದುದಲ್ಲದೆ, ೞಕಾರವುಳ್ಳ ಪದಗಳನ್ನೂ ಪಟ್ಟಿಮಾಡಿದನು.

ಆ ಪಟ್ಟಿಯ ಬೆಲೆ ಹಸ್ತಪ್ರತಿಗಳನ್ನು ಪರಿಶೀಲಿಸುವಾಗ ತಿಳಿಯುತ್ತದೆ. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ೞ, ಱ ಅಕ್ಷರಗಳು ಬಳಕೆಯಿಂದ ಜಾರಿದ ಮೇಲೆ ಓಲೆಗರಿಗಳನ್ನು ಪ್ರತಿಮಾಡಿದವರಿಗೆ ಈ ಭೇದ ಅಳಿಸಿಹೋಗಿತ್ತು. ಅರಿಯದ ಪದವನ್ನು ಕಂಡಾಗ ಲಿಪಿಕಾರನು ತನಗೆ ತಿಳಿದ ಪದವನ್ನು ಅಲ್ಲಿ ಬರೆಯುವುದು ಸಹಜ. ಅವನ ಉದ್ದೇಶ ಕೆಟ್ಟದ್ದಲ್ಲ; ಆದರೂ ಹಾಗೆ ಬರೆದಲ್ಲಿ ವಾಕ್ಯ ಸುಗಮವಾಗುತ್ತದೆ, ಕವಿಯ ಮಾತು ಮಾತ್ರ ಮರೆಯಾಗುತ್ತದೆ. ಕವಿಯ ಆಯ್ಕೆಯನ್ನೂ ನಿಘಂಟುಕಾರನ ವಿವರಣೆಯನ್ನೂ ಮುಂದಿನವರು ಪರಿಶೀಲಿಸಬಲ್ಲರು. ಬೇರೆ ಪ್ರತಿ ದೊರೆಯದಿದ್ದರೆ ಲಿಪಿಕಾರನ ಬದಲಾವಣೆ ಪತ್ತೆಯಾಗುವುದೇ ದುಸ್ತರ.

ಎರಡು ಪಾಠಗಳು ಸಮಬಲವಾಗಿ ನಿಂತಾಗ ಕ್ಲಿಷ್ಟವಾದ ಪಾಠಕ್ಕೆ ಮನ್ನಣೆಯೆಂಬ ಗ್ರಂಥಸಂಪಾದನಶಾಸ್ತ್ರದ ಸೂತ್ರಕ್ಕೆ ಇದೇ ಆಧಾರ. ಸುಲಭಪದವನ್ನು ತೆಗೆದು ಕಠಿಣಪದವನ್ನು ಸೇರಿಸುವ ಲಿಪಿಕಾರರು ವಿರಳ. ಆದರೆ ಈ ಸೂತ್ರಕ್ಕೂ ಮಿತಿಯುಂಟು. ಅರ್ಥವಾಗದ ಪದವೆಲ್ಲ ಪ್ರಾಚೀನಪದವಲ್ಲ, ಕೆಲವು ಬರಿಯ ಕೈತಪ್ಪುಗಳು. ಇವನ್ನು ಬೇರ್ಪಡಿಸಲು ಶಾಸನ, ವ್ಯಾಕರಣ ಮತ್ತು ಇತರ ಕಾವ್ಯಪ್ರಯೋಗಗಳ ಸಾಕ್ಷ್ಯ ಅವಶ್ಯಕ. ಸಾಕ್ಷ್ಯ ದೊರೆಯದ ಪದವನ್ನು ತಿದ್ದದೆ ಇದ್ದಂತೆಯೇ ಮುದ್ರಿಸಿ, ಸಂದೇಹವನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುವುದೇ ಉಚಿತವಾದ ಮಾರ್ಗ. ಹಾಗೆ ಉಳಿದ ಪದಕ್ಕೆ ಮುಂದೆಂದಾದರೂ ಅರ್ಥ ದೊರೆಯಬಹುದು. ತಿದ್ದಿಹೋದ ಪದಕ್ಕೆ ಆ ಅವಕಾಶವಿಲ್ಲ.