ಗುರಿಯಾಚೆಯ ಪರಿಣಾಮ: ವಿಕಿರಣ ಚಿಕಿತ್ಸೆ ಮತ್ತು ರೋಗನಿರೋಧಕ ಶಕ್ತಿಯ ಸಂಶೋಧನೆಯ ಒಂದು ಘಟ್ಟ

ವಿಕಿರಣ ಬಿದ್ದ ಕಡೆ ಮಾತ್ರ ಕ್ಯಾನ್ಸರ್ ಕೋಶಗಳು ಸಾಯುತ್ತವೆ ಎಂಬುದು ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ವೈದ್ಯಲೋಕದ ರೂಢಮೂಲ ತಿಳಿವಳಿಕೆಯಾಗಿತ್ತು. ಲಿಂಫೋಸೈಟುಗಳು ವಿಕಿರಣಕ್ಕೆ ಬೇಗನೆ ನಾಶವಾಗುವುದರಿಂದ ಈ ಚಿಕಿತ್ಸೆಯು ರೋಗನಿರೋಧಕ ಶಕ್ತಿಯನ್ನು ಕುಂದಿಸುತ್ತದೆ ಎಂಬ ಭಾವನೆಯೂ ಬಲವಾಗಿತ್ತು. ಒಂದು ಗಡ್ಡೆಗೆ ವಿಕಿರಣ ಹಾಯಿಸಿದಾಗ ದೂರದ ಇನ್ನೊಂದು ಗಡ್ಡೆಯೂ ಕುಗ್ಗಿತೆಂಬ ವೃತ್ತಾಂತಗಳು ಈ ತಿಳಿವಳಿಕೆಗೆ ಹೊಂದುತ್ತಿರಲಿಲ್ಲ. ಅವು ವೈದ್ಯಕೀಯ ಪತ್ರಿಕೆಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಡಿ ವರದಿಗಳಾಗಿಯೇ ಉಳಿದವು.

ಇವುಗಳಿಗೆ ಹೆಸರು ದೊರೆತ ಬಗೆ ಕುತೂಹಲಕರವಾದುದು. ಇಂಗ್ಲೆಂಡಿನ ವಿಕಿರಣ ಜೀವವಿಜ್ಞಾನಿ ಆರ್.ಎಚ್. ಮೋಲ್ 1953ರಲ್ಲಿ, 'ದೂರ' ಮತ್ತು 'ಗುರಿ' ಎಂಬರ್ಥದ ಲ್ಯಾಟಿನ್ ಪದಗಳನ್ನು ಕೂಡಿಸಿ 'ಆಬ್‌ಸ್ಕೋಪಲ್' ಎಂಬ ಶಬ್ದವನ್ನು ರೂಪಿಸಿದರು. ವಿಕಿರಣಕ್ಕೆ ಒಳಗಾದ ಭಾಗದಿಂದ ದೂರದಲ್ಲಿ, ಆದರೆ ಅದೇ ದೇಹದಲ್ಲಿ ಕಾಣುವ ಯಾವುದೇ ಪರಿಣಾಮವನ್ನು ಅವರು ಇದರಿಂದ ಸೂಚಿಸಿದ್ದರು. ಗಡ್ಡೆ ಕುಗ್ಗುವುದೆಂಬ ಸಂಕುಚಿತ ಅರ್ಥ ಅನಂತರ ಬಂದದ್ದು. ಚದುರಿದ ಪಾಠಾಂತರಗಳನ್ನು ಒಂದು ಕಥಾವರ್ಗದ ಹೆಸರಿನಡಿ ಜೋಡಿಸುವ ಜಾನಪದ ಅಧ್ಯಯನಕಾರರಿಗೆ ಈ ಬಗೆಯ ಕಾರ್ಯ ಅಪರಿಚಿತವಲ್ಲ. ಆದರೆ ಪರಿಣಾಮದ ಕಾರಣವನ್ನು ಹೆಸರು ತಿಳಿಸುವಂತಿರಲಿಲ್ಲ.

1979ರಲ್ಲಿ ಹೆಲೆನ್ ಸ್ಟೋನ್ ಮತ್ತು ಸಂಗಡಿಗರು, ರೋಗನಿರೋಧಕ ಶಕ್ತಿಯನ್ನು ಕುಂದಿಸಿದ ಇಲಿಗಳಲ್ಲಿ ಗಡ್ಡೆ ವಾಸಿಯಾಗಲು ಹೆಚ್ಚಿನ ಪ್ರಮಾಣದ ವಿಕಿರಣ ಬೇಕೆಂದು ತೋರಿಸಿದರು. ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದುದು 2004ರಲ್ಲಿ ನ್ಯೂಯಾರ್ಕಿನ ಸಾಂಡ್ರಾ ಡಿಮಾರಿಯಾ, ಸಿಲ್ವಿಯಾ ಫಾರ್ಮೆಂಟಿ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗ. ಇಲಿಯ ಎರಡೂ ಪಕ್ಕೆಗಳಲ್ಲಿ ಸ್ತನ ಕ್ಯಾನ್ಸರಿನ ಗಡ್ಡೆ ಬೆಳೆಸಿ ಒಂದಕ್ಕೆ ಮಾತ್ರ ವಿಕಿರಣ ನೀಡಲಾಯಿತು. ಜೊತೆಗೆ ಡೆಂಡ್ರಿಟಿಕ್ ಕೋಶಗಳನ್ನು ಹೆಚ್ಚಿಸುವ ಪ್ರೋಟೀನನ್ನೂ ಕೊಡಲಾಯಿತು. ವಿಕಿರಣ ತಾಗದ ಗಡ್ಡೆಯ ಬೆಳವಣಿಗೆಯೂ ಕುಂಠಿತವಾಯಿತು. ಬೇರೆ ಜಾತಿಯ ಗಡ್ಡೆಯ ಮೇಲೆ ಪರಿಣಾಮವಾಗಲಿಲ್ಲ. ಟಿ ಕೋಶಗಳಿಲ್ಲದ ಇಲಿಗಳಲ್ಲಂತೂ ದೂರದ ಪರಿಣಾಮವೇ ಕಾಣಲಿಲ್ಲ. ವಿಕಿರಣದಿಂದ ಸತ್ತ ಕೋಶಗಳು ಆ ಗಡ್ಡೆಯ ಗುರುತನ್ನು ರೋಗನಿರೋಧಕ ವ್ಯವಸ್ಥೆಗೆ ಒದಗಿಸುತ್ತವೆ ಎಂಬ ವಿವರಣೆಗೆ ಇದರಿಂದ ಆಧಾರ ದೊರೆಯಿತು.

ಮನುಷ್ಯರ ವಿಷಯದಲ್ಲಿ ಚಿತ್ರ ಇಷ್ಟು ಸ್ಪಷ್ಟವಾಗಿಲ್ಲ. ಇಪಿಲಿಮುಮಾಬ್ ಪಡೆಯುತ್ತಿದ್ದ ಮೆಲನೋಮಾ ರೋಗಿಯೊಬ್ಬರಿಗೆ ಬೆನ್ನುಮೂಳೆಯ ಬಳಿಯ ಗಡ್ಡೆಗೆ ವಿಕಿರಣ ನೀಡಿದ ಬಳಿಕ ಬೇರೆಡೆಯ ಗಡ್ಡೆಗಳೂ ಕುಗ್ಗಿದ ವರದಿ 2012ರಲ್ಲಿ ಪ್ರಕಟವಾಗಿ ಬಹು ಪ್ರಸಿದ್ಧವಾಯಿತು. ಫಾರ್ಮೆಂಟಿಯವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 41 ರೋಗಿಗಳ ಪೈಕಿ 11 ಮಂದಿಯಲ್ಲಿ ಇಂಥ ಪರಿಣಾಮ ಕಂಡಿತು. ಆದರೆ ಅಲ್ಲಿ ಹೋಲಿಕೆಗೆ ಬೇರೆ ಗುಂಪಿರಲಿಲ್ಲ. ತಲೆ ಮತ್ತು ಕತ್ತಿನ ಕ್ಯಾನ್ಸರಿನ 62 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸಿದ, 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಿವೊಲುಮಾಬ್ ಮಾತ್ರ ಪಡೆದವರಿಗಿಂತ ವಿಕಿರಣವನ್ನೂ ಪಡೆದವರಲ್ಲಿ ದೂರದ ಗಡ್ಡೆಗಳು ಹೆಚ್ಚಾಗಿ ಕುಗ್ಗಲಿಲ್ಲ.