ಪ್ರಾಣಿ ಚಿತ್ರಪುಸ್ತಕಗಳ ಮೂಲಕ ವಿಜ್ಞಾನ ಬೋಧನೆ

ಪ್ರಾಣಿಗಳನ್ನು ಕುರಿತ ಚಿತ್ರಪುಸ್ತಕಗಳನ್ನು ಓದಿ ಹೇಳಿ, ಚಿತ್ರಗಳ ಬಗ್ಗೆ ಮಾತನಾಡಿಸುತ್ತ, ಸುಮಾರು 3ರಿಂದ 8 ವರ್ಷದ ಮಕ್ಕಳಿಗೆ ಜೀವವಿಜ್ಞಾನದ ಮೊದಲ ಪರಿಕಲ್ಪನೆಗಳನ್ನು ಪರಿಚಯಿಸುವ ವಿಧಾನವೇ ಪ್ರಾಣಿ ಚಿತ್ರಪುಸ್ತಕಗಳ ಮೂಲಕ ವಿಜ್ಞಾನ ಬೋಧನೆ. ಆಹಾರ, ಆವಾಸ, ಜೀವನಚಕ್ರ ಮತ್ತು ಹೊಂದಾಣಿಕೆ ಇದರ ಮುಖ್ಯ ವಿಷಯಗಳು. ಅಕ್ಷರ ಬಾರದ ಮಗುವಿಗೆ ಚಿತ್ರವೇ ಪಠ್ಯವಾದುದರಿಂದ, ಚಿತ್ರದಲ್ಲಿರುವ ತಪ್ಪೂ ನಿಜವೆಂದೇ ಉಳಿದುಬಿಡುವ ಸಾಧ್ಯತೆಯಿದೆ.

ಹಿನ್ನೆಲೆ

ಮೊರಾವಿಯಾದ ಶಿಕ್ಷಣತಜ್ಞ ಕೊಮೆನಿಯಸ್ 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಪ್ರಕಟಿಸಿದ 'ಆರ್ಬಿಸ್ ಸೆನ್ಸುವಲಿಯಮ್ ಪಿಕ್ಟಸ್' ಮಕ್ಕಳಿಗಾಗಿ ರಚಿತವಾದ ಆರಂಭಿಕ ಸಚಿತ್ರ ಪಠ್ಯಪುಸ್ತಕಗಳಲ್ಲಿ ಒಂದು. ಅದರಲ್ಲಿ ಅಕ್ಷರಗಳನ್ನೇ ಪ್ರಾಣಿಗಳ ಕೂಗಿನೊಂದಿಗೆ ಕಲಿಸಲಾಗಿದೆ.

ಮಾತನಾಡುವ ಪ್ರಾಣಿಗಳ ಪ್ರಶ್ನೆ

ಪಂಚತಂತ್ರದ ನರಿ, ಸಿಂಹಗಳು ಮನುಷ್ಯರಂತೆ ಮಾತನಾಡುತ್ತವೆ. ಅಲ್ಲಿನ ಉದ್ದೇಶ ನೀತಿಯೇ ಹೊರತು ಪ್ರಾಣಿಶಾಸ್ತ್ರವಲ್ಲ. ವಿಜ್ಞಾನ ಕಲಿಸುವ ಪುಸ್ತಕ ಇದೇ ರೂಢಿಯನ್ನು ಅನುಸರಿಸಿದಾಗ ತೊಡಕು ಹುಟ್ಟುತ್ತದೆ. ಟೊರೊಂಟೊ ವಿಶ್ವವಿದ್ಯಾಲಯದ ಪೆಟ್ರಿಷಿಯಾ ಗ್ಯಾನಿಯಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳೆಯ ಮಕ್ಕಳಿಗೆ ಅಪರಿಚಿತವಾದ ಕೇವಿ ಮೊದಲಾದ ಪ್ರಾಣಿಗಳ ಪುಸ್ತಕಗಳನ್ನು ಎರಡು ಬಗೆಯಲ್ಲಿ ಓದಿ ಹೇಳಲಾಯಿತು. ಪ್ರಾಣಿಗಳಿಗೆ ಮನುಷ್ಯರ ಮಾತು, ಭಾವನೆಗಳನ್ನು ಆರೋಪಿಸಿದ ಪಠ್ಯ ಕೇಳಿದ ಮಕ್ಕಳು ಕಡಿಮೆ ಸಂಗತಿಗಳನ್ನು ಕಲಿತರು. ನಿಜವಾದ ಪ್ರಾಣಿಗಳಿಗೂ ಅಂಥ ಗುಣಗಳಿವೆಯೆಂದು ಹೇಳುವ ಸಂಭವವೂ ಅವರಲ್ಲಿ ಹೆಚ್ಚಿತ್ತು.

ಇದರಿಂದ ಕಥೆಯೇ ತೊಡಕೆಂದು ಅರ್ಥವಾಗುವುದಿಲ್ಲ. ಡೆಬೊರಾ ಕೆಲೆಮನ್ ಮತ್ತು ಸಂಗಡಿಗರು ಅದೇ ವರ್ಷ 'ಪಿಲೋಸಾ' ಎಂಬ ಕಾಲ್ಪನಿಕ ಪ್ರಾಣಿಗಳ ಕಥೆಯೊಂದನ್ನು 5ರಿಂದ 8 ವರ್ಷದ ಮಕ್ಕಳಿಗೆ ಓದಿ ಹೇಳಿದರು. ಆಹಾರವಾಗಿದ್ದ ಕೀಟಗಳು ನೆಲದಡಿಯ ಕಿರಿದಾದ ಸುರಂಗಗಳಿಗೆ ಸೇರಿದ ಮೇಲೆ, ಸಪೂರ ಸೊಂಡಿಲಿನ ಪಿಲೋಸಾಗಳು ಹೆಚ್ಚು ಉಳಿದು ಸಂತತಿ ಬೆಳೆಸುತ್ತವೆ. ಇಷ್ಟರಿಂದಲೇ ನೈಸರ್ಗಿಕ ಆಯ್ಕೆಯ ತಿರುಳನ್ನು ಹಲವು ಮಕ್ಕಳು ಗ್ರಹಿಸಿದರು. ಮೂರು ತಿಂಗಳ ಬಳಿಕವೂ ಆ ತಿಳಿವಳಿಕೆ ಉಳಿದಿತ್ತು. ಪ್ರಾಣಿ ಕಲ್ಪಿತವಾದರೂ ಕಾರ್ಯಕಾರಣ ಸಂಬಂಧ ನಿಜವಾದುದು ಎಂಬುದೇ ಇಲ್ಲಿನ ವ್ಯತ್ಯಾಸ.

ಕಂಬಳಿಹುಳುವಿನ ಉದಾಹರಣೆ

ಎರಿಕ್ ಕಾರ್ಲ್ ಅವರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' (1969) ಚಿಟ್ಟೆಯ ಜೀವನಚಕ್ರ ಕಲಿಸಲು ಬಹುವಾಗಿ ಬಳಕೆಯಾಗುವ ಪುಸ್ತಕ. ಅದರಲ್ಲಿ ಹುಳು ಗೂಡು ಕಟ್ಟಿಕೊಂಡು ಚಿಟ್ಟೆಯಾಗಿ ಹೊರಬರುತ್ತದೆ. ಆದರೆ ರೇಷ್ಮೆಹುಳುವಿನಂತೆ ನೂಲಿನ ಗೂಡು ಹೆಣೆಯುವವು ಸಾಮಾನ್ಯವಾಗಿ ಪತಂಗಗಳು. ಬಹುಪಾಲು ಚಿಟ್ಟೆಗಳ ಹುಳುಗಳು ಕೊನೆಯ ಬಾರಿ ಪೊರೆ ಕಳಚಿದಾಗ ಒಳಗಿನ ಕೋಶವೇ ಗಟ್ಟಿಯಾಗಿ ಕಾಣಿಸಿಕೊಳ್ಳುತ್ತದೆ. ಹಾಗೆಂದು ಪುಸ್ತಕವನ್ನು ಬದಿಗಿಡಬೇಕಿಲ್ಲ: ರೇಷ್ಮೆಗೂಡನ್ನು ಕಂಡಿರುವ ಕರ್ನಾಟಕದ ಮಕ್ಕಳ ಮುಂದೆ ಈ ತಪ್ಪೇ ಒಳ್ಳೆಯ ಪಾಠವಾಗಬಲ್ಲದು. ಹುಳು ಸಿಹಿತಿಂಡಿಗಳನ್ನು ತಿನ್ನುವುದಂತೂ ವಿನೋದವೆಂದು ಮಕ್ಕಳಿಗೂ ಬೇಗ ಹೊಳೆಯುತ್ತದೆ.

ಪುಸ್ತಕದಿಂದ ಜೀವಂತ ಪ್ರಾಣಿಗೆ

ಗ್ಯಾನಿಯಾ ಮತ್ತು ಸಂಗಡಿಗರ 2011ರ ಅಧ್ಯಯನದಲ್ಲಿ, ಬಣ್ಣದ ಮೂಲಕ ಮರೆಸಿಕೊಳ್ಳುವ ಪ್ರಾಣಿಗಳ ಪುಸ್ತಕವನ್ನು ಕೇಳಿದ 4 ವರ್ಷದ ಮಕ್ಕಳು ಆ ವಿಚಾರವನ್ನು ಜೀವಂತ ಪ್ರಾಣಿಗಳಿಗೂ ಅನ್ವಯಿಸಿದರು. ಆದ್ದರಿಂದ ಓದಿನ ನಂತರ ವೀಕ್ಷಣೆಗೆ ಅವಕಾಶ ನೀಡುವುದು ಉಪಯುಕ್ತ. ಕರಿಬೇವಿನ ಗಿಡದ ಮೇಲೆ ಬೆಳೆಯುವ ಕಾಮನ್ ಮಾರ್ಮನ್ ಚಿಟ್ಟೆಯ ಹುಳು ಮೊದಲು ಹಕ್ಕಿಯ ಹಿಕ್ಕೆಯಂತೆಯೂ ಬೆಳೆದ ಮೇಲೆ ಎಲೆಯಂತೆ ಹಸಿರಾಗಿಯೂ ಕಾಣುತ್ತದೆ. ಮರೆಸಿಕೊಳ್ಳುವಿಕೆ ಮತ್ತು ಜೀವನಚಕ್ರಗಳೆರಡನ್ನೂ ಅದೊಂದೇ ಗಿಡದಲ್ಲಿ ನೋಡಬಹುದು.

ಕನ್ನಡದಲ್ಲಿ

2004ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಪ್ರಥಮ್ ಬುಕ್ಸ್ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಮಕ್ಕಳ ಚಿತ್ರಪುಸ್ತಕಗಳನ್ನು ಪ್ರಕಟಿಸುತ್ತಿದೆ. 2015ರಲ್ಲಿ ಅದು ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಪುಸ್ತಕಗಳನ್ನು ಓದಬಹುದು, ಅನುವಾದಿಸಲೂಬಹುದು.